ಶಿಟ್ಜು ನಾಯಿಮರಿ ಕಚ್ಚೋದು ನಿಲ್ಲಿಸ್ತಿಲ್ಲ, ಮಗಳ ಕಾಲು ಪೂರ್ತಿ ಗೀರು. ದಯವಿಟ್ಟು ದಾರಿ ಹೇಳಿ

ಬೆಲ್ಲನ ಅಮ್ಮ, ಶಿವಮೊಗ್ಗ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಗೆ ಒಂದು ಶಿಟ್ಜು ಮರಿ ಬಂದು ಐದು ವಾರ ಆಯಿತು. ಗಂಡು ಮರಿ, ಹೆಸರು ಬೆಲ್ಲ. ಈಗ ಸುಮಾರು ಹತ್ತು ವಾರದ್ದು. ತೂಕ ಎರಡು ಕೆಜಿ ಕೂಡ ಇಲ್ಲ. ಆದರೆ ಹಲ್ಲು ಮಾತ್ರ ಸೂಜಿ ಇದ್ದ ಹಾಗೆ.

ಕೈ, ಕಾಲು, ನೈಟಿ ಅಂಚು, ಚಪ್ಪಲಿ, ನೆಲ ಒರೆಸೋ ಬಟ್ಟೆ, ಯಾವುದನ್ನೂ ಬಿಡಲ್ಲ. ಆರು ವರ್ಷದ ಮಗಳಿದ್ದಾಳೆ. ಅವಳು ಎದ್ದು ನಡೆದರೆ ಸಾಕು, ಹಿಂದೆ ಓಡಿ ಪಾದಕ್ಕೆ ಬಾಯಿ ಹಾಕುತ್ತೆ. ಅವಳು ಕಿರುಚಿಕೊಂಡು ಸೋಫಾ ಹತ್ತುತ್ತಾಳೆ. ಇದು ಇನ್ನೂ ಜೋರಾಗಿ ಬೊಗಳುತ್ತೆ. ಸಂಜೆ ಏಳು ಗಂಟೆ ಆಯಿತೆಂದರೆ ಇದೇ ಕಥೆ. ಅತ್ತೆಯವರ ಸೆರಗು ಹಿಡಿದು ಜೋತು ಬೀಳುತ್ತೆ. ಅವರು ನಗುತ್ತಾ ಎಳೆದುಕೊಂಡೇ ಅಡುಗೆಮನೆಗೆ ಹೋಗುತ್ತಾರೆ. "ಪಾಪ, ಮಗು ತಾನೆ, ಇಷ್ಟೇ ಇಷ್ಟು ಇದೆ, ಏನು ಕಚ್ಚಿಬಿಡುತ್ತೆ" ಅಂತಾರೆ. ನಮ್ಮ ಯಜಮಾನರು ಕೈ ಬೆರಳನ್ನೇ ಕಚ್ಚಲು ಕೊಟ್ಟು ಆಡಿಸುತ್ತಾರೆ. ನಾನು ಬೈಯುತ್ತೇನೆ. ಯಾವುದೂ ನಾಟುತ್ತಿಲ್ಲ.

ನಿನ್ನೆ ಮಗಳು ಬಂದು "ಅಮ್ಮಾ, ಬೆಲ್ಲಂಗೆ ನಾನಂದ್ರೆ ಇಷ್ಟ ಇಲ್ವಾ?" ಅಂತ ಕೇಳಿದಳು. ಅವತ್ತಿಂದ ಮನಸ್ಸಿಗೆ ಸಮಾಧಾನ ಇಲ್ಲ.

ಇನ್ನೊಂದು ವಿಷಯ. ಮಾರಿದವರು 45 ದಿನದ ಮರಿ ಅಂದಿದ್ದರು. ಮೊದಲ ಸಲ ದನದ ಆಸ್ಪತ್ರೆಗೆ ತೋರಿಸಿದಾಗ ಡಾಕ್ಟರು ಬಾಯಿ ತೆಗೆದು ನೋಡಿ, ಹಿಂದಿನ ದವಡೆ ಹಲ್ಲು ಇನ್ನೂ ಸರಿಯಾಗಿ ಬಂದಿಲ್ಲ, ಐದು ವಾರ ಆಗಿದ್ದರೆ ಹೆಚ್ಚು ಅಂದರು. ಅದಕ್ಕೂ ಈ ಕಚ್ಚೋದಕ್ಕೂ ಸಂಬಂಧ ಇದೆಯಾ?

ಪಗ್ ಮನೆ, ಮೈಸೂರು

ಅಕ್ಕ, ಮೊದಲು ಮಗಳಿಗೆ ಹೇಳಿ, ಬೆಲ್ಲನಿಗೆ ಅವಳಂದ್ರೆ ಎಲ್ಲರಿಗಿಂತ ಜಾಸ್ತಿ ಇಷ್ಟ. ಮನೆಯಲ್ಲಿ ತನ್ನಷ್ಟೇ ಓಡಾಡುವ, ತನ್ನ ಹಾಗೇ ಕಿರುಚುವ ಒಂದೇ ಜೀವ ಅವಳು. ಅವಳನ್ನು ತನ್ನ ಜೊತೆ ಹುಟ್ಟಿದ ಇನ್ನೊಂದು ಮರಿ ಅಂದುಕೊಂಡಿದೆ. ಮರಿಗಳು ಒಂದರ ಜೊತೆ ಒಂದು ಆಡೋದೇ ಬಾಯಿಂದ. ನಮಗೆ ಕೈ ಹೇಗೋ ಅವಕ್ಕೆ ಬಾಯಿ ಹಾಗೆ.

ನಮ್ಮ ಪಗ್ ಕೂಡ ಹೀಗೇ ಇತ್ತು. ಎರಡೂವರೆ ತಿಂಗಳಿಂದ ಐದು ತಿಂಗಳವರೆಗೆ ಕಷ್ಟ ಪಟ್ಟೆವು. ಈಗ ನಾಲ್ಕು ವರ್ಷ, ಬಾಯಲ್ಲಿ ಕೈ ಇಟ್ಟರೂ ಕಚ್ಚಲ್ಲ. ಧೈರ್ಯವಾಗಿರಿ.

ಬೈಕ್ ಹುಡುಗ, ತುಮಕೂರು

ಮೂತಿ ಮೇಲೆ ಮೆಲ್ಲಗೆ ಒಂದು ಏಟು ಕೊಡಿ ಮೇಡಂ. ಪೇಪರ್ ಸುತ್ತಿ ಇಟ್ಟುಕೊಳ್ಳಿ. ಎರಡು ಸಲ ಬಿದ್ದರೆ ಮೂರನೇ ಸಲ ಬರಲ್ಲ. ನಮ್ಮ ಫ್ರೆಂಡ್ ಒಬ್ಬ ಮರಿಯನ್ನು ಅಂಗಾತ ಕೆಡವಿ ಒತ್ತಿ ಹಿಡಿಯುತ್ತಾನೆ, ಮನೆಗೆ ಯಾರು ಲೀಡರ್ ಅಂತ ಗೊತ್ತಾಗಬೇಕು ಅಂತ. ನಾಯಿ ತೋಳದ ಜಾತಿ ಅಲ್ವಾ?

ತೋಟದ ಮನೆ, ಸಕಲೇಶಪುರ

ತಮ್ಮಾ, ಬೇಜಾರು ಮಾಡ್ಕೋಬೇಡ. ನೀನು ಹೇಳಿದ್ದನ್ನು ನಾನು ಮಾಡಿ ನೋಡಿದವನು. ಅದಕ್ಕೇ ಹೇಳುತ್ತೇನೆ.

ಹದಿನೈದು ವರ್ಷದ ಹಿಂದೆ ನಮ್ಮಲ್ಲಿ ಒಂದು ಬಿಳಿ ಪೊಮೇರಿಯನ್ ಇತ್ತು. ಮರಿಯಿದ್ದಾಗ ಕಚ್ಚುತ್ತಿತ್ತು. ಪೇಪರ್ ಸುತ್ತಿ ಮೂತಿಗೆ ಹೊಡೆಯುತ್ತಿದ್ದೆ. ಗುರ್ ಅಂದರೂ ಹೊಡೆಯುತ್ತಿದ್ದೆ. ಒಂದು ತಿಂಗಳಲ್ಲಿ ಗುರ್ ಅನ್ನೋದು ನಿಂತಿತು. ಬುದ್ಧಿ ಬಂತು ಅಂದುಕೊಂಡೆ. ಎರಡು ವರ್ಷ ಆದಮೇಲೆ ನೆಂಟರ ಮಗು ಒಂದು ಅದರ ತಟ್ಟೆ ಹತ್ತಿರ ಕೈ ಹಾಕಿತು. ಗುರ್ ಅನ್ನಲಿಲ್ಲ, ಹಲ್ಲು ತೋರಿಸಲಿಲ್ಲ. ಸೀದಾ ಕಚ್ಚಿತು. ಮಗುವಿನ ಕೆನ್ನೆಗೆ ಮೂರು ಹೊಲಿಗೆ ಬಿತ್ತು.

ಆಮೇಲೆ ಡಾಕ್ಟರು ಹೇಳಿದ ಮಾತು ಇವತ್ತಿಗೂ ಕಿವಿಯಲ್ಲಿದೆ. ಗುರ್ ಅನ್ನೋದು ನಾಯಿ ಕೊಡುವ ಎಚ್ಚರಿಕೆ. ನಾನು ಹೊಡೆದು ಹೊಡೆದು ಆ ಎಚ್ಚರಿಕೆಯನ್ನು ಅಳಿಸಿದ್ದೆ. ಒಳಗಿನ ಭಯ ಹಾಗೇ ಉಳಿದಿತ್ತು. ಕೊನೆತನಕ ಅದು ಪೇಪರ್ ಮಡಚುವ ಸದ್ದಿಗೆ ಮಂಚದ ಕೆಳಗೆ ನುಗ್ಗುತ್ತಿತ್ತು. ನನಗೆ ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತೆ. ಬೇಡ ತಮ್ಮಾ, ಹೊಡೆಯೋದು ಬೇಡ.

ದನದ ಡಾಕ್ಟರು, ಧಾರವಾಡ

ತೋಟದ ಮನೆಯವರು ಹೇಳಿದ್ದನ್ನು ಎಲ್ಲರೂ ಎರಡು ಸಲ ಓದಿ. ನನ್ನ ಹತ್ತಿರ ಬರುವ ಸಣ್ಣ ಜಾತಿ ನಾಯಿಗಳಲ್ಲಿ ಇದೇ ಕಥೆ ಪದೇ ಪದೇ ನೋಡುತ್ತೇನೆ.

ಬೆಲ್ಲನ ಅಮ್ಮ, ನಿಮ್ಮ ಪ್ರಶ್ನೆಗೆ ಉತ್ತರ: ಹೌದು, ಸಂಬಂಧ ಇದೆ. ನಾಲ್ಕು ವಾರದಿಂದ ಎಂಟು ವಾರದ ತನಕ ಮರಿಗಳು ಅಮ್ಮನ ಜೊತೆ, ಒಡಹುಟ್ಟಿದವರ ಜೊತೆ ಇರಬೇಕು. ಹಾಲು ಕುಡಿಯುವಾಗ ಹಲ್ಲು ತಾಗಿದರೆ ಅಮ್ಮ ಎದ್ದು ಹೋಗುತ್ತೆ. ಆಟದಲ್ಲಿ ಜೋರಾಗಿ ಕಚ್ಚಿದರೆ ಇನ್ನೊಂದು ಮರಿ ಕುಂಯ್ ಅಂತ ಕೂಗಿ ಆಟ ಬಿಡುತ್ತೆ. ದಿನಕ್ಕೆ ನೂರು ಸಲ ಹೀಗಾದರೆ ಮರಿಗೆ ತನ್ನ ದವಡೆಯ ಬಲ ಎಷ್ಟು ಅಂತ ತಿಳಿಯುತ್ತೆ. ಬೆಲ್ಲ ಆ ಪಾಠದ ಮಧ್ಯದಲ್ಲೇ ನಿಮ್ಮ ಮನೆಗೆ ಬಂದಿದ್ದಾನೆ. ಉಳಿದ ಪಾಠ ನೀವು ಹೇಳಿಕೊಡಬೇಕು, ಅಷ್ಟೇ. ಕೆಟ್ಟ ಮರಿ ಅಲ್ಲ ಅದು.

ನಮ್ಮ ದೇಶದಲ್ಲಿ 2017ರಲ್ಲಿ ಬಂದ ನಾಯಿ ಸಾಕಣೆ ಮತ್ತು ಮಾರಾಟದ ನಿಯಮದ ಪ್ರಕಾರ ಎಂಟು ವಾರ ತುಂಬದ ಮರಿಯನ್ನು ಮಾರುವ ಹಾಗೇ ಇಲ್ಲ. ಆದರೂ 30, 35 ದಿನಕ್ಕೇ ಮಾರುತ್ತಾರೆ. ಚಿಕ್ಕದಿದ್ದಷ್ಟು ಮುದ್ದಾಗಿ ಕಾಣುತ್ತೆ, ಬೇಗ ಮಾರಿ ಹೋಗುತ್ತೆ. ಮುಂದೆ ಮರಿ ತರುವವರು ದಯವಿಟ್ಟು ಇದನ್ನು ಗಮನಿಸಿ.

ಇನ್ನು ಈಗಲೇ ಹೇಳಬೇಕಾದ ಮಾತು. ಮಗಳ ಕಾಲಿನ ಗೀರಿನಲ್ಲಿ ರಕ್ತ ಬಂದಿದೆಯಾ? ಹತ್ತು ವಾರದ ಮರಿಗೆ ಇನ್ನೂ ರೇಬಿಸ್ ಲಸಿಕೆ ಆಗಿರಲ್ಲ, ಅದನ್ನು ಮೂರು ತಿಂಗಳಿಗೆ ಹಾಕುತ್ತೇವೆ. ಮನೆ ಮರಿ ತಾನೆ ಅಂತ ಬಿಡಬೇಡಿ. ಹರಿಯುವ ನಲ್ಲಿ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆಯಬೇಕು. ಅರಿಶಿನ, ಕಾಫಿ ಪುಡಿ, ಸುಣ್ಣ ಏನೂ ಹಚ್ಚಬಾರದು. ಅವತ್ತೇ ಮನುಷ್ಯರ ಡಾಕ್ಟರಿಗೆ ತೋರಿಸಿ, ಇಂಜೆಕ್ಷನ್ ಬೇಕೋ ಬೇಡವೋ ಅವರು ಹೇಳಲಿ. ಸರ್ಕಾರಿ ಆಸ್ಪತ್ರೆಯಲ್ಲಿ ದುಡ್ಡಿಲ್ಲದೆ ಕೊಡುತ್ತಾರೆ.

ಬೆಲ್ಲನ ಅಮ್ಮ, ಶಿವಮೊಗ್ಗ

ಸರ್, ಎರಡು ಕಡೆ ಸ್ವಲ್ಪ ರಕ್ತ ಬಂದಿತ್ತು. ನಿಮ್ಮ ಮಾತು ಓದಿದ ಕೂಡಲೇ ಆಸ್ಪತ್ರೆಗೆ ಕರ್ಕೊಂಡು ಹೋದೆ. ಮೊದಲ ಡೋಸ್ ಹಾಕಿದರು, ಉಳಿದ ತಾರೀಖು ಬರೆದುಕೊಟ್ಟಿದ್ದಾರೆ. ನಿಜವಾಗಿ ನನಗೆ ಇದು ಹೊಳೆದೇ ಇರಲಿಲ್ಲ. ನಿಮಗೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು.

ಹೆಸ್ಸೆ ಕನ್ನಡತಿ, ಫ್ರಾಂಕ್‌ಫರ್ಟ್

ಇಲ್ಲಿ ಜರ್ಮನಿಯಲ್ಲೂ ಎಂಟು ವಾರದ ಮೊದಲು ಮರಿಯನ್ನು ತಾಯಿಯಿಂದ ಬೇರೆ ಮಾಡಬಾರದು ಅಂತ ಕಾನೂನಿದೆ. ನಾವು ತಂದ ಡ್ಯಾಶುಂಡ್ ಹತ್ತು ವಾರ ತಾಯಿ ಜೊತೆ ಇತ್ತು. ಆದರೂ ಕಚ್ಚುತ್ತಿತ್ತು! ಹಾಗಾಗಿ ಬೇಗ ತಂದಿದ್ದಕ್ಕೇ ಎಲ್ಲಾ ಆಯಿತು ಅಂತ ನೊಂದುಕೊಳ್ಳಬೇಡಿ. ಡ್ಯಾಶುಂಡ್ ಅಂತೂ ಬಿಲದೊಳಗೆ ನುಗ್ಗಿ ಬ್ಯಾಜರ್ ಅನ್ನುವ ಪ್ರಾಣಿ ಹಿಡಿಯೋದಕ್ಕೆ ಬೆಳೆಸಿದ ಜಾತಿ, ಕಚ್ಚಿ ಹಿಡಿಯೋದು ಅದರ ರಕ್ತದಲ್ಲೇ ಇದೆ.

ಬೈಕ್ ಹುಡುಗನಿಗೆ: ಈ ಲೀಡರ್ ಲೆಕ್ಕ ಎಲ್ಲಿಂದ ಬಂತು ಅಂದರೆ, 1947ರಲ್ಲಿ ರುಡಾಲ್ಫ್ ಶೆಂಕೆಲ್ ಅನ್ನುವವರು ಬೋನಿನಲ್ಲಿ ಕೂಡಿಹಾಕಿದ್ದ ತೋಳಗಳನ್ನು ನೋಡಿ ಬರೆದದ್ದು. 1970ರಲ್ಲಿ ಅಮೆರಿಕದ ತೋಳ ವಿಜ್ಞಾನಿ ಡೇವಿಡ್ ಮೆಕ್ ತಮ್ಮ ಪುಸ್ತಕದಲ್ಲಿ ಅದನ್ನು ಹಬ್ಬಿಸಿದರು. ಆಮೇಲೆ ಅವರೇ ಕಾಡಿನ ತೋಳಗಳನ್ನು ವರ್ಷಗಟ್ಟಲೆ ನೋಡಿ, ಅಲ್ಲಿರೋದು ಅಪ್ಪ ಅಮ್ಮ ಮಕ್ಕಳ ಸಂಸಾರ, ಲೀಡರ್ ಜಗಳ ಅಲ್ಲ ಅಂತ 1999ರಲ್ಲಿ ಬರೆದರು. ಆ ಹಳೇ ಲೆಕ್ಕ ಹಿಡಿದುಕೊಂಡು ಎರಡು ಕೆಜಿ ಮರಿಯನ್ನು ನೆಲಕ್ಕೆ ಒತ್ತಿದರೆ ಅದಕ್ಕೆ ಪ್ರಾಣ ಹೋಗುವ ಭಯ ಆಗುತ್ತೆ.

ಬೈಕ್ ಹುಡುಗ, ತುಮಕೂರು

ಇದು ಗೊತ್ತಿರಲಿಲ್ಲ ಅಕ್ಕ. ತೋಟದ ಮನೆ ಅಣ್ಣ ಬರೆದದ್ದು ಓದಿ ಮನಸ್ಸಿಗೆ ತಟ್ಟಿತು. ಹಾಗಾದರೆ ಹೊಡೆಯದೆ, ಬೈಯದೆ ಏನು ಮಾಡೋದು ಹೇಳಿ. ನಮ್ಮ ಮನೆಗೂ ಮುಂದಿನ ತಿಂಗಳು ಮರಿ ಬರ್ತಿದೆ.

ಪಗ್ ಮನೆ, ಮೈಸೂರು

ನಾವು ಮಾಡಿದ್ದು ಹೀಗೆ. ಹಲ್ಲು ಚರ್ಮಕ್ಕೆ ತಾಗಿದ ಕ್ಷಣ ಆಟ ಬಂದ್. ಮಾತಿಲ್ಲ, ಕೂಗಿಲ್ಲ. ಕೈ ಎಳೆದುಕೊಳ್ಳಬಾರದು, ಎಳೆದರೆ ಇಲಿ ಓಡಿದ ಹಾಗೆ ಕಾಣುತ್ತೆ, ಇನ್ನೂ ಜೋರಾಗಿ ಹಿಡಿಯುತ್ತೆ. ಕೈ ಸಡಿಲ ಬಿಟ್ಟು, ಅದು ಬಿಟ್ಟ ಕೂಡಲೇ ಎದ್ದು ಪಕ್ಕದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದೆ. ಮೂವತ್ತು ಎಣಿಸಿ ವಾಪಸ್ ಬರುತ್ತಿದ್ದೆ. ಏನೂ ಆಗಿಲ್ಲ ಅನ್ನುವ ಹಾಗೆ ಮತ್ತೆ ಆಟ. ಮತ್ತೆ ಕಚ್ಚಿದರೆ ಮತ್ತೆ ಬಾಗಿಲು. ಮರಿಯನ್ನು ಎತ್ತಿ ಕೋಣೆಗೆ ಹಾಕೋದಲ್ಲ, ನಾವೇ ಹೋಗೋದು. ಮೊದಲ ದಿನ ಹದಿನೇಳು ಸಲ ಬಾಗಿಲು ಹಾಕಿದ್ದೇನೆ, ಲೆಕ್ಕ ಇಟ್ಟಿದ್ದೆ. ಹತ್ತನೇ ದಿನ ಮೂರು ಸಲ.

ಪಗ್, ಶಿಟ್ಜು ಇಂಥವಕ್ಕೆ ಮೂತಿ ಗಿಡ್ಡ. ಉಸಿರಾಟವೇ ಕಷ್ಟ. ಬಾಯಿ ಒತ್ತಿ ಹಿಡಿಯೋದು ಅಂತೂ ಯಾವತ್ತೂ ಮಾಡಬಾರದು.

ಕಡಲ ದಂಡೆ, ಮಂಗಳೂರು

ಮರಿಯ ಹಾಗೆ ನಾವೂ ಕುಂಯ್ ಅಂತ ಕೂಗಿದರೆ ಬಿಡುತ್ತೆ ಅಂತ ಬಹಳ ಜನ ಹೇಳುತ್ತಾರೆ. ಕೆಲವಕ್ಕೆ ಕೆಲಸ ಮಾಡುತ್ತೆ. ನಮ್ಮ ಮರಿಗೆ ಕೂಗಿದಷ್ಟೂ ಹುರುಪು ಬರುತ್ತಿತ್ತು. ಎರಡು ದಿನ ಮಾಡಿ ನೋಡಿ. ಜಾಸ್ತಿ ಆದರೆ ಬಿಟ್ಟುಬಿಡಿ, ಸುಮ್ನೆ ಎದ್ದು ಹೋಗೋದೇ ವಾಸಿ.

ಬೆಲ್ಲನ ಅಮ್ಮ, ಒಂದು ಕೇಳಬೇಕಿತ್ತು. ಮಗಳು ಕಾಲಿಗೆ ಗೆಜ್ಜೆ ಹಾಕುತ್ತಾಳಾ?

ಬೆಲ್ಲನ ಅಮ್ಮ, ಶಿವಮೊಗ್ಗ

ಅಯ್ಯೋ, ಹೌದು! ಬೆಳ್ಳಿ ಗೆಜ್ಜೆ. ಅವಳ ಅಜ್ಜಿ ಕೊಡಿಸಿದ್ದು. ಯಾಕೆ?

ಕಡಲ ದಂಡೆ, ಮಂಗಳೂರು

ನೆಲದ ಮಟ್ಟದಿಂದ ಒಂದು ಸಲ ನೋಡಿ. ಮರಿಯ ಕಣ್ಣಿಗೆ ನಮ್ಮ ಮುಖ ಬಹಳ ಮೇಲೆ. ಅದಕ್ಕೆ ಕಾಣೋದು ಎರಡು ಪಾದ. ಅವು ಓಡುತ್ತವೆ, ಘಲ್ ಘಲ್ ಅನ್ನುತ್ತವೆ. ಇದಕ್ಕಿಂತ ಒಳ್ಳೇ ಆಟಿಕೆ ಯಾವುದಿದೆ? ನಮ್ಮ ಅಕ್ಕನ ಮಗಳಿಗೂ ಹೀಗೇ ಆಗುತ್ತಿತ್ತು. ಒಂದು ತಿಂಗಳು ಗೆಜ್ಜೆ ಬಿಚ್ಚಿಟ್ಟು, ಮನೆಯೊಳಗೂ ಸಾಕ್ಸ್ ಹಾಕಿಸಿ. ಬಿಚ್ಚಿದ ಸಾಕ್ಸ್ ಮಾತ್ರ ನೆಲದ ಮೇಲೆ ಬಿಡಬೇಡಿ. ಸಣ್ಣ ಮರಿ ನುಂಗಿದರೆ ಕರುಳಿನಲ್ಲಿ ಸಿಕ್ಕಿ ಆಪರೇಷನ್ ತನಕ ಹೋಗುತ್ತೆ.

ದನದ ಡಾಕ್ಟರು, ಧಾರವಾಡ

ಗೆಜ್ಜೆ ವಿಷಯ ಚೆನ್ನಾಗಿ ಹಿಡಿದಿರಿ.

ಮಗಳಿಗೆ ಸ್ಟ್ಯಾಚು ಆಟ ಗೊತ್ತಿರುತ್ತೆ ಅಲ್ವಾ? ಬೆಲ್ಲ ಓಡಿ ಬಂದರೆ "ಸ್ಟ್ಯಾಚು". ಕೈ ಕಟ್ಟಿಕೊಂಡು, ಮೇಲೆ ಫ್ಯಾನ್ ನೋಡುತ್ತಾ ಅಲ್ಲಾಡದೆ ನಿಲ್ಲಬೇಕು. ಓಡಲ್ಲ, ಕಿರುಚಲ್ಲ. ಹತ್ತು ಸೆಕೆಂಡಿನಲ್ಲಿ ಮರಿಗೆ ಬೇಜಾರಾಗುತ್ತೆ. ಅದು ಕೂತರೆ ನೀವು ದೊಡ್ಡವರು ಅದರ ಡ್ರೈ ಫುಡ್‌ನ ಕಾಳು ಒಂದನ್ನು ನೆಲಕ್ಕೆ ಹಾಕಿ. ಆದರೆ ಆರು ವರ್ಷದ ಮಗು ಮತ್ತು ಮರಿಯನ್ನು ಇಬ್ಬರನ್ನೇ ಬಿಟ್ಟು ಅಡುಗೆಮನೆಗೆ ಹೋಗಬೇಡಿ, ಎರಡು ನಿಮಿಷಕ್ಕೂ ಬೇಡ.

ಅತ್ತೆಯವರ ಮಾತಿಗೆ ಒಂದು ಉತ್ತರ. "ಇಷ್ಟೇ ಇಷ್ಟು ಇದೆ" ಅನ್ನೋದೇ ಸಣ್ಣ ನಾಯಿಗಳಿಗೆ ಮುಳುವು. ವಿಯೆನ್ನಾದ ಪಶುವೈದ್ಯ ವಿಶ್ವವಿದ್ಯಾಲಯದವರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸಣ್ಣ ನಾಯಿ ಸಾಕಿದವರು ದೊಡ್ಡ ನಾಯಿ ಸಾಕಿದವರಿಗಿಂತ ಕಡಿಮೆ ಕಲಿಸುತ್ತಾರೆ, ಒಂದು ದಿನ ಒಂದು ರೀತಿ ನಡೆದುಕೊಳ್ಳುತ್ತಾರೆ ಅಂತ ಕಂಡುಬಂತು. ಜಾಸ್ತಿ ಶಿಕ್ಷೆ ಕೊಡುವ ಮನೆಗಳ ನಾಯಿಗಳಲ್ಲಿ ಸಿಟ್ಟು, ಉದ್ರೇಕವೂ ಜಾಸ್ತಿ ಇತ್ತು. ಲ್ಯಾಬ್ರಡಾರ್ ಮರಿ ಸೆರಗು ಹಿಡಿದಿದ್ದರೆ ಮನೆಯವರು ಮೊದಲ ದಿನವೇ ನಿಲ್ಲಿಸುತ್ತಿದ್ದರು. ಶಿಟ್ಜು ಹಿಡಿದರೆ ಫೋಟೋ ತೆಗೆಯುತ್ತಾರೆ. ಮರಿಗೆ ಹೇಗೆ ಗೊತ್ತಾಗಬೇಕು? ಅಜ್ಜಿ ಸೆರಗು ಕಚ್ಚಿದರೆ ನಗು, ಅಪ್ಪನ ಬೆರಳು ಕಚ್ಚಿದರೆ ಆಟ, ಅಮ್ಮನ ನೈಟಿ ಕಚ್ಚಿದರೆ ಬೈಗುಳ. ಒಂದೇ ಮನೆಯಲ್ಲಿ ಮೂರು ಕಾನೂನು.

ಯಜಮಾನರಿಗೆ ನನ್ನ ಪರವಾಗಿ ಹೇಳಿ: ಕೈ ಆಟಿಕೆ ಅಲ್ಲ. ಯಾವತ್ತೂ ಅಲ್ಲ. ಕೈ ಅಂದರೆ ಊಟ ಕೊಡೋದು, ಸವರೋದು, ಬಾಚೋದು.

ಹೆಸ್ಸೆ ಕನ್ನಡತಿ, ಫ್ರಾಂಕ್‌ಫರ್ಟ್

ಇಲ್ಲಿ ಮರಿಗಳ ಶಾಲೆಯಲ್ಲಿ ನಮಗೆ ಹೇಳಿಕೊಟ್ಟ ಒಂದು ಪಾಠ ಬರೆಯುತ್ತೇನೆ. ಇದಕ್ಕೆ ದುಡ್ಡು ಬೇಡ, ಸಾಮಾನು ಬೇಡ. ಅದರದೇ ಡ್ರೈ ಫುಡ್‌ನ ನಾಲ್ಕು ಕಾಳು ಸಾಕು.

ನೆಲದ ಮೇಲೆ ಕೂತ್ಕೊಳ್ಳಿ. ಒಂದು ಕಾಳು ಮುಷ್ಟಿಯಲ್ಲಿ ಹಿಡಿದು ಮರಿಯ ಮೂತಿ ಹತ್ತಿರ ಇಡಿ. ಮೊದಲು ಮೂಸುತ್ತೆ. ಆಮೇಲೆ ನೆಕ್ಕುತ್ತೆ. ಆಮೇಲೆ ಮುಂಗಾಲಿನಿಂದ ಕೆರೆಯುತ್ತೆ, ಮುಂದಿನ ಸಣ್ಣ ಹಲ್ಲಿನಿಂದ ಬೆರಳ ಸಂದಿ ಕಚ್ಚಿ ನೋಡುತ್ತೆ. ಮುಷ್ಟಿ ಅಲ್ಲಾಡಬಾರದು, ಬಿಚ್ಚಬಾರದು. ಬಾಯಲ್ಲಿ ಏನೂ ಹೇಳಬೇಡಿ. ಅರ್ಧ ನಿಮಿಷ ಆದಮೇಲೆ ಅದಕ್ಕೆ ಏನು ಮಾಡೋದು ಗೊತ್ತಾಗದೆ ತಲೆ ಹಿಂದೆ ತೆಗೆಯುತ್ತೆ. ಒಂದೇ ಒಂದು ಇಂಚು ಹಿಂದೆ ಹೋದರೂ ಸಾಕು, ಆ ಕ್ಷಣ "ತಗೋ" ಅಂತ ಅಂಗೈ ಬಿಚ್ಚಿ ಕೊಡಿ. ಬೆರಳ ತುದಿಯಿಂದ ಕೊಡಬೇಡಿ, ಚಪ್ಪಟೆ ಅಂಗೈ.

ನಾಲ್ಕೈದು ಸಲ ಆದಮೇಲೆ ಮುಷ್ಟಿ ಕಂಡ ಕೂಡಲೇ ಮರಿ ಹಿಂದೆ ಕೂತು ನಿಮ್ಮ ಮುಖ ನೋಡುತ್ತೆ. ಆ ನೋಟ ನೋಡಿದಾಗ ನನಗೆ ಕಣ್ಣಲ್ಲಿ ನೀರು ಬಂತು. ಕಚ್ಚಿದರೆ ಏನೂ ಸಿಗಲ್ಲ, ಬಿಟ್ಟರೆ ಸಿಗುತ್ತೆ ಅಂತ ಅದು ತಾನೇ ಕಂಡುಕೊಂಡಿತ್ತು. ದಿನಕ್ಕೆ ಮೂರು ಸಲ, ಎರಡೆರಡು ನಿಮಿಷ ಮಾಡಿ. ಕಾಳನ್ನು ದಿನದ ಊಟದ ಲೆಕ್ಕದಿಂದಲೇ ತೆಗೆಯಿರಿ, ಸಣ್ಣ ಮರಿಗೆ ಹೊಟ್ಟೆ ಬಹಳ ಚಿಕ್ಕದು.

ಬೆಲ್ಲನ ಅಮ್ಮ, ಶಿವಮೊಗ್ಗ (ನಾಲ್ಕು ದಿನದ ನಂತರ)

ಗೆಜ್ಜೆ ಬಿಚ್ಚಿಟ್ಟೆವು. ಮುಷ್ಟಿ ಪಾಠ ಬೆಲ್ಲ ಎರಡೇ ದಿನದಲ್ಲಿ ಕಲಿತ! ಯಜಮಾನರು ಬೆರಳು ಕೊಡೋದು ನಿಲ್ಲಿಸಿದ್ದಾರೆ. ಅತ್ತೆಯವರಿಗೆ ಡಾಕ್ಟರ ಮಾತು ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಸೆರಗು ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡರು.

ಆದರೆ ಸಂಜೆ ಏಳು ಗಂಟೆಯ ಹೊತ್ತಿಗೆ ಏನೂ ಕೆಲಸ ಮಾಡುತ್ತಿಲ್ಲ. ಕಣ್ಣು ಅಗಲ ಮಾಡಿಕೊಂಡು ಹಾಲ್ ತುಂಬಾ ಓಡುತ್ತೆ, ಸಿಕ್ಕಿದ್ದನ್ನೆಲ್ಲಾ ಕಚ್ಚುತ್ತೆ. ನಿನ್ನೆ ಅಂತೂ ಮೊದಲಿಗಿಂತ ಜೋರಾಗಿ ಕಚ್ಚಿತು. ನಾನು ಏನೋ ತಪ್ಪು ಮಾಡ್ತಿದ್ದೇನೆ ಅನಿಸುತ್ತಿದೆ.

ದನದ ಡಾಕ್ಟರು, ಧಾರವಾಡ

ಒಂದೇ ಪ್ರಶ್ನೆ. ದಿನಕ್ಕೆ ಎಷ್ಟು ಹೊತ್ತು ಮಲಗುತ್ತೆ? ಅಂದಾಜು ಬೇಡ. ಒಂದು ದಿನ ಕ್ಯಾಲೆಂಡರ್ ಹಿಂದೆ ಬರೆದಿಡಿ.

ಬೆಲ್ಲನ ಅಮ್ಮ, ಶಿವಮೊಗ್ಗ

ಬರೆದೆ ಸರ್. ರಾತ್ರಿ ಏಳು ಗಂಟೆ, ಹಗಲು ಮೂರೂವರೆ ಗಂಟೆ. ಒಟ್ಟು ಹತ್ತೂವರೆ. ಹಗಲು ಮಲಗಿದಾಗೆಲ್ಲಾ ಯಾರಾದರೂ ಎತ್ತುತ್ತಾರೆ. ಪಕ್ಕದ ಮನೆ ಮಕ್ಕಳು ನೋಡಲು ಬರುತ್ತಾರೆ. ಮಗಳು ಮಧ್ಯಾಹ್ನ ಸ್ಕೂಲಿಂದ ಬಂದವಳೇ ಎಬ್ಬಿಸುತ್ತಾಳೆ.

ದನದ ಡಾಕ್ಟರು, ಧಾರವಾಡ

ಸಿಕ್ಕಿತು ನೋಡಿ. ಈ ವಯಸ್ಸಿನ ಮರಿಗೆ ದಿನಕ್ಕೆ 18ರಿಂದ 20 ಗಂಟೆ ನಿದ್ದೆ ಬೇಕು. ಬೆಲ್ಲನಿಗೆ ಸಿಗುತ್ತಿರೋದು ಅದರ ಅರ್ಧ ಅಂತ ಇಟ್ಟುಕೊಳ್ಳಿ. ಎರಡು ವರ್ಷದ ಮಗುವಿಗೆ ಮಧ್ಯಾಹ್ನದ ನಿದ್ದೆ ತಪ್ಪಿದರೆ ಸಂಜೆ ಏನು ಮಾಡುತ್ತೆ? ನೆಲದ ಮೇಲೆ ಬಿದ್ದು ಹೊರಳಾಡುತ್ತೆ. ಮರಿಗೆ ಹೊರಳಾಡೋದು ಗೊತ್ತಿಲ್ಲ, ಕಚ್ಚುತ್ತೆ. ಆ ಹೊತ್ತಿನಲ್ಲಿ ಏನು ಪಾಠ ಹೇಳಿದರೂ ತಲೆಗೆ ಹೋಗಲ್ಲ.

ಮಲಗೋಕೆ ಒಂದು ಜಾಗ ಮಾಡಿ. ಪಂಜರ ಆಗಲಿ, ಮೂಲೆಯಲ್ಲಿ ಬೇಲಿ ಹಾಕಿದ ಜಾಗ ಆಗಲಿ. ಅತ್ತೆಯವರ ಹಳೇ ಹತ್ತಿ ಸೀರೆ ಮಡಚಿ ಹಾಸಿ. ಅರ್ಧ ಕತ್ತಲೆ ಇರಲಿ. ಒಂದು ಗಂಟೆ ಎದ್ದಿದ್ದರೆ ಎರಡು ಗಂಟೆ ಅಲ್ಲಿ. ಎದ್ದ ಕೂಡಲೇ ಉಚ್ಚೆಗೆ ಹೊರಗೆ, ಆಮೇಲೆ ಊಟ, ಸ್ವಲ್ಪ ಆಟ, ಎರಡು ನಿಮಿಷ ಪಾಠ, ಮತ್ತೆ ನಿದ್ದೆ. ಮಲಗಿದ ಮರಿಯನ್ನು ಯಾರೂ ಮುಟ್ಟಬಾರದು. ಸಂಜೆ ಐದೂವರೆಯಿಂದ ಏಳರ ತನಕ ಕಡ್ಡಾಯ ನಿದ್ದೆ. ಅದನ್ನು ಶಿಕ್ಷೆಯ ಜಾಗ ಮಾತ್ರ ಮಾಡಬೇಡಿ. ಬೈದು ಒಳಗೆ ಹಾಕಿದರೆ ಆಮೇಲೆ ಅದು ಅಲ್ಲಿ ಮಲಗಲ್ಲ.

ಹೊಟ್ಟೆ ಹಸಿವೂ ನೋಡಿ. ಇಷ್ಟು ಸಣ್ಣ ಮರಿಗೆ ದಿನಕ್ಕೆ ನಾಲ್ಕು ಸಲ ಊಟ ಬೇಕು. ಬಹಳ ಹೊತ್ತು ಖಾಲಿ ಹೊಟ್ಟೆಯಲ್ಲಿದ್ದರೆ ರಕ್ತದಲ್ಲಿ ಸಕ್ಕರೆ ಇಳಿದು ತೂರಾಡುವ ಅಪಾಯವೂ ಸಣ್ಣ ಜಾತಿಗಳಲ್ಲಿ ಜಾಸ್ತಿ.

ಇನ್ನು ಜೋರಾಗಿ ಕಚ್ಚಿತು ಅಂದಿರಲ್ಲ, ಅದಕ್ಕೆ ಹೆದರಬೇಡಿ. ಇಷ್ಟು ದಿನ ಕಚ್ಚಿದರೆ ಆಟ ಸಿಗುತ್ತಿತ್ತು. ಈಗ ಸಿಗುತ್ತಿಲ್ಲ. ಹಾಗಾಗಿ ನಿಲ್ಲಿಸುವ ಮೊದಲು ಕೆಲವು ದಿನ ಇನ್ನೂ ಜೋರಾಗಿ ಮಾಡಿ ನೋಡುತ್ತೆ. ಈ ಹಂತದಲ್ಲಿ ಮನೆಯವರು ಸೋತು ಹಳೇ ದಾರಿಗೆ ಹೋದರೆ, ಜೋರಾಗಿ ಕಚ್ಚಿದರೆ ಸಿಗುತ್ತೆ ಅಂತ ಕಲಿಯುತ್ತೆ. ಗಟ್ಟಿಯಾಗಿ ನಿಲ್ಲಿ.

ತರಕಾರಿ ಮನೆ, ಉಡುಪಿ

ನಮ್ಮದು ಸಸ್ಯಾಹಾರಿ ಮನೆ. ಹಲ್ಲು ಬರುವಾಗ ಕಡಿಯೋಕೆ ಮೂಳೆ ಕೊಡಿ ಅಂತಾರೆ. ನಾವು ಕೊಡೋ ಹಾಗಿಲ್ಲ. ಬೇರೆ ಏನು ಕೊಡಬಹುದು? ನಮ್ಮ ಮನೆಯಲ್ಲಿ ಒಬ್ಬರು ಕೈಗೆ ಬೇವಿನೆಣ್ಣೆ ಹಚ್ಚಿಕೊಳ್ಳಿ, ಖಾರದ ಪುಡಿ ಹಚ್ಚಿ ಅಂತಲೂ ಹೇಳಿದರು.

ದನದ ಡಾಕ್ಟರು, ಧಾರವಾಡ

ಖಾರದ ಪುಡಿ ಬೇಡವೇ ಬೇಡ, ಕಣ್ಣು ಮೂಗಿಗೆ ಹೋಗಿ ಮರಿ ನರಳುತ್ತೆ. ಬೇವಿನೆಣ್ಣೆ ಹೊಟ್ಟೆಗೆ ಹೋಗಬಾರದು. ಬೇಯಿಸಿದ ಮೂಳೆಯನ್ನು ಮಾಂಸಾಹಾರಿ ಮನೆಯವರೂ ಕೊಡಬಾರದು, ಸಿಬಿರು ಸಿಬಿರಾಗಿ ಒಡೆದು ಗಂಟಲಿಗೆ ಚುಚ್ಚುತ್ತೆ. ಉಗುರಿನಿಂದ ಒತ್ತಿದರೆ ಸ್ವಲ್ಪವೂ ತಗ್ಗದಷ್ಟು ಗಟ್ಟಿ ವಸ್ತು ಯಾವುದನ್ನೂ ಕೊಡಬೇಡಿ, ಹಲ್ಲು ಮುರಿಯುತ್ತೆ.

ಪಗ್ ಮನೆ, ಮೈಸೂರು

ಹಳೇ ಹತ್ತಿ ಪಂಚೆ ತುಂಡು ಮಾಡಿ, ನೀರಲ್ಲಿ ನೆನೆಸಿ, ಹಗ್ಗದ ಹಾಗೆ ಹುರಿ ಮಾಡಿ ಗಂಟು ಹಾಕಿ. ಫ್ರೀಜರ್‌ನಲ್ಲಿ ಎರಡು ಗಂಟೆ ಇಟ್ಟು ಕೊಡಿ. ತಣ್ಣಗೆ ವಸಡಿಗೆ ಬಹಳ ಹಿತ. ನೀವು ಎದುರಿಗಿದ್ದಾಗ ಮಾತ್ರ, ದಾರ ಬಿಚ್ಚಿಕೊಂಡರೆ ಬಿಸಾಡಿ. ತಣ್ಣಗಿನ ದಪ್ಪ ಕ್ಯಾರೆಟ್ ಕೂಡ ಆಗುತ್ತೆ, ತುಂಡು ಚಿಕ್ಕದಾಗುತ್ತಿದ್ದ ಹಾಗೆ ಕಿತ್ತುಕೊಳ್ಳಿ. ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ, ಚಾಕೊಲೇಟ್ ಕೊಡಬೇಡಿ, ನಾಯಿಗೆ ವಿಷ.

ಇನ್ನೊಂದು, ಹಳೇ ಚಪ್ಪಲಿ ಕೊಡಬೇಡಿ. ಹಳೇದು ಯಾವುದು, ಹೊಸದು ಯಾವುದು ಅಂತ ಮರಿಗೆ ಗೊತ್ತಾಗಲ್ಲ ಅಲ್ವಾ?

ಬೆಲ್ಲನ ಅಮ್ಮ, ಶಿವಮೊಗ್ಗ (ಎರಡು ವಾರದ ನಂತರ)

ಬರೆಯೋಕೆ ಖುಷಿ ಆಗುತ್ತಿದೆ. ನಿದ್ದೆಯೇ ಕಾರಣ. ಮಲಗೋ ಜಾಗ ಮಾಡಿದ ಮೊದಲ ಎರಡು ದಿನ ಕುಂಯ್ಗುಟ್ಟಿತು. ಮೂರನೇ ದಿನ ಸಂಜೆ ಐದೂವರೆಗೆ ತಾನೇ ಹೋಗಿ ಸೀರೆ ಮೇಲೆ ಸುತ್ತಿಕೊಂಡು ಮಲಗಿತು. ಏಳು ಗಂಟೆಗೆ ಎದ್ದು ಬಂದು ಮೈ ಮುರಿದು, ಬಾಲ ಅಲ್ಲಾಡಿಸಿಕೊಂಡು ನಿಂತಿತು. ಅಷ್ಟೇ! ಆ ಹುಚ್ಚು ಓಟ ಇಲ್ಲ. ಈಗ ಲೆಕ್ಕ ಹಾಕಿದರೆ ದಿನಕ್ಕೆ 17 ಗಂಟೆ ಮಲಗುತ್ತೆ.

ಮಗಳು ಒಂದು ಚೀಟಿ ಬರೆದು ಗೋಡೆಗೆ ಅಂಟಿಸಿದ್ದಾಳೆ: "ಬೆಲ್ಲ ಮಲಗಿದಾನೆ. ಎಬ್ಬಿಸಬಾರದು." ಪಕ್ಕದ ಮನೆ ಮಕ್ಕಳಿಗೆ ಅವಳೇ ಕಾವಲು.

ಒಂದು ತೊಂದರೆ ಉಳಿದಿದೆ. ಕೂದಲು ಬಾಚೋಕೆ ಹೋದರೆ ಬಾಚಣಿಗೆ ಕಚ್ಚುತ್ತೆ, ಕೈಗೂ ಬಾಯಿ ಹಾಕುತ್ತೆ. ಇದು ಆಟದ ಹಾಗೆ ಕಾಣಲ್ಲ. ಮೈ ಗಟ್ಟಿ ಮಾಡಿಕೊಳ್ಳುತ್ತೆ.

ದನದ ಡಾಕ್ಟರು, ಧಾರವಾಡ

ನೀವು ಆ ವ್ಯತ್ಯಾಸ ಗಮನಿಸಿದ್ದು ತುಂಬಾ ಒಳ್ಳೇದು. ಆಟದ ಕಚ್ಚಾಟದಲ್ಲಿ ಮೈ ಸಡಿಲ, ಬಾಲ ಓಲಾಡುತ್ತೆ. ಮೈ ಮರಗಟ್ಟಿ, ಬಾಯಿ ಬಿಗಿದು, ಕಣ್ಣಂಚಿನಲ್ಲಿ ಬಿಳಿ ಕಂಡರೆ ಅದು ಭಯ. ಆಗ ಕೈ ತೆಗೆಯಬೇಕು, ಹಟ ಮಾಡಿ ಮುಗಿಸಬಾರದು. ಮೊದಲು ಕೂದಲು ಗಂಟು ಕಟ್ಟಿ ಚರ್ಮ ಎಳೆಯುತ್ತಿದೆಯಾ, ಕಿವಿ ನೋಯುತ್ತಿದೆಯಾ ನೋಡಿಸಿ.

ಕಡಲ ದಂಡೆ, ಮಂಗಳೂರು

ಬಾಚಣಿಗೆ ತೋರಿಸಿ, ಒಂದು ಕಾಳು. ಬಾಚಣಿಗೆಯ ಬೆನ್ನು ಮೈಗೆ ತಾಗಿಸಿ, ಒಂದು ಕಾಳು. ಅವತ್ತಿಗೆ ಅಷ್ಟೇ. ಮಾರನೇ ದಿನ ಒಂದು ಎಳೆತ, ಒಂದು ಕಾಳು. ನಮಗೆ ಎರಡು ವಾರ ಹಿಡಿಯಿತು. ಈಗ ಬಾಚಣಿಗೆ ತೆಗೆದರೆ ಓಡಿ ಬಂದು ತೊಡೆ ಮೇಲೆ ಕೂರುತ್ತೆ. ಉಗುರು ಕತ್ತರಿಸೋದಕ್ಕೂ ಇದೇ ದಾರಿ.

ಬೈಕ್ ಹುಡುಗ, ತುಮಕೂರು

ನಮ್ಮ ಮನೆಗೆ ಬರಬೇಕಾಗಿದ್ದ ಮರಿಗೆ ಈಗ ಆರು ವಾರ. ನಾಳೆನೇ ತಗೊಂಡು ಹೋಗಿ ಅಂದರು. ಎಂಟು ವಾರ ತುಂಬಲಿ, ಆಮೇಲೆ ಬರ್ತೀನಿ, ಅಡ್ವಾನ್ಸ್ ಈಗಲೇ ಇಟ್ಟುಕೊಳ್ಳಿ ಅಂದೆ. ಒಪ್ಪಿಕೊಂಡಿದ್ದಾರೆ. ಭಾನುವಾರ ಹೋಗಿ ತಾಯಿ ಜೊತೆ ಆಡೋದನ್ನ ನೋಡಿಕೊಂಡು ಬಂದೆ. ಡಾಕ್ಟರು ಹೇಳಿದ ಹಾಗೇ, ಒಂದು ಮರಿ ಕಿವಿ ಜಗ್ಗಿದ್ದಕ್ಕೆ ತಾಯಿ ಎದ್ದು ಗೋಡೆ ಪಕ್ಕ ಹೋಗಿ ಮಲಗಿತು. ಮರಿ ಸ್ವಲ್ಪ ಹೊತ್ತು ಹಾಗೇ ನಿಂತು ನೋಡಿತು.

ತೋಟದ ಮನೆ, ಸಕಲೇಶಪುರ

ಒಳ್ಳೇ ಕೆಲಸ ಮಾಡಿದೆ ತಮ್ಮಾ.

ಬೆಲ್ಲನ ಅಮ್ಮ, ಶಿವಮೊಗ್ಗ (ಎರಡು ತಿಂಗಳಾದ ಮೇಲೆ)

ಬೆಲ್ಲನಿಗೆ ನಾಲ್ಕೂವರೆ ತಿಂಗಳು. ರೇಬಿಸ್ ಲಸಿಕೆ ಆಯಿತು. ಕೈಗೆ, ಕಾಲಿಗೆ ಹಲ್ಲು ತಾಗಿ ಮೂರು ವಾರ ಆಯಿತು. ಮಧ್ಯೆ ಒಂದು ಸಲ ಆಟದ ಭರದಲ್ಲಿ ಬೆರಳಿಗೆ ಬಾಯಿ ಹಾಕಿ, ತಕ್ಷಣ ತಾನೇ ಬಿಟ್ಟು ನೆಕ್ಕಿತು. ಮಗಳು ಗೆಜ್ಜೆ ಮತ್ತೆ ಹಾಕಿಕೊಂಡಿದ್ದಾಳೆ. ಬೆಲ್ಲ ಕಿವಿ ಎತ್ತಿ ನೋಡುತ್ತೆ, ಅವಳ ಮುಂದೆ ಹೋಗಿ ಕೂರುತ್ತೆ. ಹಾಗೆ ಕೂತರೆ ಕಾಳು ಸಿಗುತ್ತೆ ಅಂತ ಅದಕ್ಕೆ ಗೊತ್ತು.

ನಿನ್ನೆ ಚಾಪೆ ಮೇಲೆ ಅಕ್ಕಿ ಕಾಳಿನಷ್ಟು ಬಿಳಿ ಹಲ್ಲು ಬಿದ್ದಿತ್ತು. ಬೆಲ್ಲನ ಮೊದಲ ಹಾಲುಹಲ್ಲು. ಮಗಳಿಗೂ ಹೋದ ವಾರವೇ ಮುಂದಿನ ಹಲ್ಲು ಬಿದ್ದಿದೆ. ಅತ್ತೆ ಎರಡನ್ನೂ ಒಂದೇ ಸಗಣಿ ಉಂಡೆಯಲ್ಲಿಟ್ಟು ಮಗಳ ಕೈಯಲ್ಲೇ ಹಂಚಿನ ಮೇಲೆ ಎಸೆಸಿದರು.

ಸರ್, ಇನ್ನು ಮುಂದೆ ಹಲ್ಲಿನ ವಿಷಯದಲ್ಲಿ ಏನಾದರೂ ನೋಡಬೇಕಾ?

ದನದ ಡಾಕ್ಟರು, ಧಾರವಾಡ

ಬಹಳ ಸಂತೋಷ ಆಯಿತು ಅಮ್ಮ. ನೋಡಬೇಕು. ಕೋರೆಹಲ್ಲು ಬೀಳೋದು ಐದು, ಆರು ತಿಂಗಳಿಗೆ. ಸಣ್ಣ ಜಾತಿಗಳಲ್ಲಿ ಹಾಲುಹಲ್ಲು ಬೀಳದೆ, ಪಕ್ಕದಲ್ಲೇ ಹೊಸ ಕೋರೆ ಬಂದು ಎರಡೆರಡು ನಿಲ್ಲುತ್ತವೆ. ಮಧ್ಯೆ ಊಟ ಸಿಕ್ಕಿ ವಸಡು ಕೆಡುತ್ತೆ, ಬಾಯಿ ನೋಯುತ್ತೆ, ನೋವಿಗೆ ಮತ್ತೆ ಕಚ್ಚೋದು ಶುರು ಆಗಬಹುದು. ವಾರಕ್ಕೊಮ್ಮೆ ತುಟಿ ಎತ್ತಿ ನೋಡಿ, ನೋಡಿದ್ದಕ್ಕೆ ಒಂದು ಕಾಳು ಕೊಡಿ. ಎರಡೂ ಒಟ್ಟಿಗೆ ಕಂಡರೆ ಎರಡು ವಾರ ಕಾದು, ಬೀಳದಿದ್ದರೆ ಕರ್ಕೊಂಡು ಹೋಗಿ ತೆಗೆಸಿ.

ಬೆಲ್ಲನ ಅಮ್ಮ, ಶಿವಮೊಗ್ಗ

ಈಗಲೇ ಎತ್ತಿ ನೋಡಿದೆ ಸರ್. ಸುಮ್ಮನೆ ಕೂತು ತೋರಿಸಿತು. ಕೆಳಗೆ ಮುಂದೆ ಎರಡು ಹೊಸ ಹಲ್ಲು ಬಂದಿವೆ. ಕೋರೆ ಇನ್ನೂ ಹಾಲುಹಲ್ಲೇ, ಗಟ್ಟಿಯಾಗಿವೆ. ಮಗಳು ಕ್ಯಾಲೆಂಡರ್‌ನಲ್ಲಿ ಪ್ರತಿ ಭಾನುವಾರಕ್ಕೂ "ಬೆಲ್ಲನ ಹಲ್ಲು" ಅಂತ ಬರೆದಿಟ್ಟಿದ್ದಾಳೆ.